ಕನಿಷ್ಠ ತೂಕ

ನಾನು ನಲವತ್ತಮೂರು ಕಿಲೋ ಇದ್ದೇನೆ. ಹಬ್ಬದ ಮರುದಿನ ತೂಗಿದರೆ ನಲವತ್ತನಾಲ್ಕು. ನನ್ನ ವಯಸ್ಸು ನನ್ನ ತೂಕವನ್ನು ದಾಟಿ ಎರಡು ವರ್ಷವಾಯಿತು. ಕನ್ನಡದಲ್ಲಿ ತೂಕ ಎಂಬ ಮಾತಿಗೆ ಬರೀ ಭಾರ ಎಂದಷ್ಟೇ ಅರ್ಥವಿದ್ದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಆದರೆ ನಮ್ಮವರು ತೂಕದ ಮನುಷ್ಯ, ತೂಕದ ಮಾತು, ತೂಕವಾಗಿ ನಡೆದುಕೋ ಎಂದು ಮರ್ಯಾದೆಯನ್ನೆಲ್ಲ ತಕ್ಕಡಿಗೆ ಕಟ್ಟಿಬಿಟ್ಟಿದ್ದಾರೆ. ಕುರುಗೋಡಿಗೆ ಹೆಣ್ಣು ನೋಡಲು ಹೋದಾಗ ನಾನು ನಮ್ಮಣ್ಣ ಮತ್ತು ಸೋದರಮಾವನ ನಡುವೆ ಕೂತಿದ್ದೆ. ಹುಡುಗಿಯ ದೊಡ್ಡಪ್ಪ ಒಳಗೆ ಬಂದವರು ಎಲ್ಲರಿಗೂ ಕೈಮುಗಿದು, "ವರ ಹಿಂದಿನ ಗಾಡ್ಯಾಗ ಬರಾಕತ್ತಾರೇನ್ರಿ?" ಎಂದು ಕೇಳಿದರು. ನನ್ನ ಹೆಂಡತಿ ಶಾಂತಾ ಸಿಟ್ಟು ಬಂದಾಗಲೆಲ್ಲ ಈಗಲೂ ಆ ಹಿಂದಿನ ಗಾಡಿಯ ದಾರಿ ಕಾಯುವವಳಂತೆ ಬಾಗಿಲ ಕಡೆ ನೋಡುತ್ತಾಳೆ. ಊರೂರಿಗೆ ಜೀನ್ಸ್ ಹೊಲಿದು ಕಳಿಸುವ ಬಳ್ಳಾರಿಯಲ್ಲಿ ನನ್ನ ಸೊಂಟಕ್ಕೊಂದು ಜೀನ್ಸ್ ಸಿಕ್ಕಿಲ್ಲ. "ಪಿಲ್ಲಲ ಸೈಜಿನ್ಯಾಗ ನೋಡ್ರಿ ಸಾರ್, ಅಲ್ಲಿ ಸಿಗ್ತೈತಿ" ಎಂದು ಅಂಗಡಿಯವನು ಮಕ್ಕಳ ವಿಭಾಗ ತೋರಿಸುತ್ತಾನೆ. ಅಲ್ಲಿ ಸಿಕ್ಕಿತು, ಮಂಡಿಯ ಮೇಲೆ ಕರಡಿಯ ಚಿತ್ರವಿತ್ತು.

ಕೆಲಸವಾದರೂ ತೂಕದ್ದೇ ಎಂದರೆ ಅದೂ ಇಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ "ಅಲ್ಲೂ ಐತೇನ್ರಿ ಕನ್ನಡ?" ಎನ್ನುತ್ತಾರೆ. ಐತಿ. ಒಂದು ತರಗತಿಗೆ ವಾರಕ್ಕೊಂದು ಗಂಟೆ ಐತಿ, ಆ ಗಂಟೆಯಲ್ಲಿ ಹುಡುಗರು ಗಣಿತದ ಲೆಕ್ಕ ಬರೆದು ಮುಗಿಸುತ್ತಾರೆ. ಉಳಿದ ಹೊತ್ತು ನಾನು ಕಾಲೇಜಿನ ಆಮಂತ್ರಣ ಪತ್ರಿಕೆಗಳ ಕಾಗುಣಿತ ತಿದ್ದುತ್ತೇನೆ. ಹದಿನಾಲ್ಕು ವರ್ಷದಲ್ಲಿ ನಾನು ತಿದ್ದಿದ್ದನ್ನು ಯಾರಾದರೂ ಓದಿದ್ದಕ್ಕೆ ಸಾಕ್ಷಿ ಇಲ್ಲ.

ಹೀಗಿರುವಾಗ ಊರಿನ ಕೆಲವು ಮೋಟಾರು ಬಿಡಿಭಾಗದ ವ್ಯಾಪಾರಿಗಳು ಸೇರಿ ಕಾಲೇಜುಗಳಿಗೆ ಒಂದು ಸ್ಪರ್ಧೆ ಇಟ್ಟರು. ನೀವೇ ಕಾರು ಕಟ್ಟಬೇಕು, ಎಲ್ಲರಿಗೂ ನೂರು ಮಿಲಿ ಪೆಟ್ರೋಲು ಕೊಡುತ್ತಾರೆ, ಅಷ್ಟರಲ್ಲಿ ಯಾರ ಕಾರು ಹೆಚ್ಚು ದೂರ ಹೋಗುತ್ತದೋ ಅವರು ಗೆದ್ದಂತೆ. ಯಾರು ಮೊದಲು ಮುಟ್ಟುತ್ತಾರೆ ಎಂಬುದಲ್ಲ, ಯಾರು ಕೊನೆಗೆ ನಿಲ್ಲುತ್ತಾರೆ ಎಂಬ ಪಂದ್ಯ. ವ್ಯಾಪಾರಿಗಳಿಗೆ ಭಾಷಾಭಿಮಾನ ಉಕ್ಕಿ ನಿಯಮಗಳ ಪುಸ್ತಿಕೆಯನ್ನು ಕನ್ನಡದಲ್ಲೇ ಅಚ್ಚು ಹಾಕಿಸಲು ಹೊರಟರು, ಕರಡು ತಿದ್ದಲು ನನಗೆ ಕೊಟ್ಟರು. ತಪ್ಪುಗಳ ಜಾತ್ರೆ. ಅದರಲ್ಲೂ 'ಕನಿಷ್ಠ' ಎಂಬುದನ್ನು ಉದ್ದಕ್ಕೂ 'ಕನಿಷ್ಟ' ಎಂದೇ ಬರೆದಿದ್ದರು. ಟ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ಠ ಮಾಡಿ ಕಳಿಸಿದೆ. ಅರ್ಥ ನೋಡಲಿಲ್ಲ. ಕರಡು ತಿದ್ದುವವರು ಅರ್ಥ ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ.

ನಮ್ಮ ಮೆಕ್ಯಾನಿಕಲ್ ವಿಭಾಗದ ಕಾರಿಗೆ ಮೂರು ಸೈಕಲ್ ಚಕ್ರ, ಒಂದು ಹಳೆಯ ಮೊಪೆಡ್ಡಿನ ಇಂಜಿನ್, ಮೇಲೊಂದು ಫೈಬರ್ ಚಿಪ್ಪು. ಮಲಗಿಕೊಂಡಂತೆ ಕೂತು ನಡೆಸಬೇಕು. ನಡೆಸುತ್ತಿದ್ದವಳು ರೇಣುಕಾ. ಸಿರುಗುಪ್ಪ ತಾಲ್ಲೂಕಿನ ರಾರಾವಿಯ ಹುಡುಗಿ, ಕೊನೆಯ ವರ್ಷ. ಮನೆಯಲ್ಲಿ ಭತ್ತದ ಗದ್ದೆ, ಟ್ರ್ಯಾಕ್ಟರ್ ಅವಳೇ ಹೊಡೆಯುತ್ತಾಳೆ. ತಂಡದಲ್ಲಿದ್ದ ಆರು ಹುಡುಗರು ಚಿಪ್ಪಿನ ಮೇಲೆ ತಂತಮ್ಮ ಹೆಸರು ಬರೆಸಿಕೊಂಡು ಅವಳಿಗೆ ಜಾಗ ಉಳಿಸಿರಲಿಲ್ಲ. "ಇರ್ಲಿ ಬಿಡ್ರಿ ಸರ್, ನಾನು ಒಳಗ ಇರ್ತೀನಲ್ಲ" ಎಂದಿದ್ದಳು. ಕೊಳಗಲ್ಲಿನ ಕಡೆ ರಸ್ತೆ, ಚರಂಡಿ, ದೀಪದ ಕಂಬ ಎಲ್ಲ ಆಗಿ ಮನೆ ಮಾತ್ರ ಒಂದೂ ಏಳದ ಲೇಔಟೊಂದಿದೆ. ಎರಡು ತಿಂಗಳು ಆ ರಸ್ತೆಯಲ್ಲೇ ಓಡಿಸಿ ಓಡಿಸಿ, ಎಲ್ಲಿ ಇಂಜಿನ್ ಹಚ್ಚಬೇಕು, ಎಲ್ಲಿ ಬಂದ್ ಮಾಡಿ ಸುಮ್ಮನೆ ಉರುಳಲು ಬಿಡಬೇಕು ಎಂಬುದನ್ನು ಮೈಗೆ ಹಚ್ಚಿಕೊಂಡಿದ್ದಳು. ಸ್ಪರ್ಧೆ ನಡೆಯುವುದೂ ಅಲ್ಲೇ. ತನ್ನ ಅವ್ವನಿಗೆ ಬರಲು ಹೇಳಿದ್ದಳು. ಗದ್ದೆ ಕೆಲಸ ಬಿಟ್ಟು ಬಸ್ಸು ಹತ್ತುವುದಕ್ಕೆ ಆ ತಾಯಿ ಮೊದಲು ಒಪ್ಪಿರಲಿಲ್ಲವಂತೆ. ಮಗಳು ಹಟ ಹಿಡಿದ ಮೇಲೆ ಒಪ್ಪಿದಳಂತೆ.

ಸ್ಪರ್ಧೆಗೆ ನಾಲ್ಕು ದಿನ ಮೊದಲು ನಾನು ಯಾವುದೋ ಸಹಿಗೆಂದು ಅವರ ವರ್ಕ್‌ಶಾಪಿಗೆ ಹೋದೆ. ವಿಭಾಗದ ಮುಖ್ಯಸ್ಥ ಪಂಪನಗೌಡರು ಕಾರನ್ನು ತೂಕದ ಯಂತ್ರದ ಮೇಲಿಟ್ಟು ತಲೆ ಕೆರೆದುಕೊಳ್ಳುತ್ತಿದ್ದರು. ಗೌಡರು ನೂರು ಕಿಲೋ ಮೇಲಿನವರು, ನಿಜವಾದ ತೂಕದ ಮನುಷ್ಯ. "ಇನ್ನ ನಾಕು ಕಿಲೋ ಇಳಿಸ್ಬೇಕ್ರಿ. ಚಿಪ್ಪು ಕೊರದಾತು, ಬೋಲ್ಟ್ ಬಿಚ್ಚಿದ್ದಾತು" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡ ಸರ್, ಒಂದೀಟು ಇದರ ಮ್ಯಾಲೆ ನಿಂದ್ರಿ" ಎಂದರು. ಹುಡುಗರು ನಕ್ಕರು. ನಿಂತೆ. ನಲವತ್ತಮೂರು ಎಂದು ಕಂಡ ಕೂಡಲೇ ನಗು ನಿಂತಿತು. ಇಡೀ ಮೆಕ್ಯಾನಿಕಲ್ ವಿಭಾಗ ನನ್ನನ್ನು ಭಕ್ತಿಯಿಂದ ನೋಡಿದ್ದು ಅದೇ ಮೊದಲು. "ರೇಣುಕಾ ಐವತ್ತೊಂದು ಅದಾಳ. ಎಂಟು ಕಿಲೋ ಉಳೀತೈತಲ್ಲಲೇ" ಎಂದು ಗೌಡರು ಹುಡುಗರ ಕಡೆ ತಿರುಗಿದರು. ಕಾಲೇಜಿಗೆ ಸೇರಿದವರು ಯಾರು ಬೇಕಾದರೂ ನಡೆಸಬಹುದು ಎಂದು ನಿಯಮದಲ್ಲಿತ್ತಂತೆ. ನಾನು ರೇಣುಕಾಳ ಕಡೆ ನೋಡಿದೆ. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. "ನೋಡೋಣ" ಎಂದೆ. ನಮ್ಮಲ್ಲಿ ದೊಡ್ಡವರು ನೋಡೋಣ ಎಂದರೆ ಆಗುವುದಿಲ್ಲ ಎಂದರ್ಥ. ನನ್ನಂಥವನು ಹಾಗೆಂದರೆ ಹೂಂ ಎಂದೇ ಅರ್ಥ. ಅವಳು ಹೆಲ್ಮೆಟ್ ನನ್ನ ಕೈಗೆ ಕೊಟ್ಟಳು.

ನನಗೆ ನಡೆಸುವುದನ್ನು ಕಲಿಸಿದವಳೂ ಅವಳೇ. ಸಿಟ್ಟು ತೋರಿಸಿದ್ದರೆ ನನಗೂ ಹಗುರಾಗುತ್ತಿತ್ತು. "ಸರ್, ಇಂಜಿನ್ ಬಂದ್ ಮಾಡಿದ ಮ್ಯಾಲೆ ಬ್ರೇಕ್ ಮುಟ್ಟಬ್ಯಾಡ್ರಿ. ಹೆದರಿಕಿ ಬಂದ್ರೂ ಮುಟ್ಟಬ್ಯಾಡ್ರಿ. ಅದು ತಾನ ಹೋಗ್ತೈತಿ" ಎನ್ನುತ್ತಿದ್ದಳು. ಪಾರ್ವತಿನಗರದಿಂದ ಕಾಲೇಜಿಗೆ ಸ್ಕೂಟರಿನಲ್ಲಿ ಓಡಾಡುವ ನನಗೆ ಕಾಗೆ ಹಾರಿದರೂ ಬ್ರೇಕು ಹಿಡಿದು ರೂಢಿ. ಮೊದಲ ದಿನ ಹನ್ನೊಂದು ಸಲ ಹಿಡಿದೆ. "ಪರವಾಗಿಲ್ರಿ ಸರ್" ಎಂದಳು. ಆ ಸಂಜೆ ಮನೆಗೆ ಬಂದವನಿಗೆ, ಕರಡಿನಲ್ಲಿ ಎಲ್ಲೋ ತೂಕ ಎಂಬ ಮಾತು ಕಂಡ ನೆನಪಾಗಿ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಅಚ್ಚಾದ ಮೇಲೆ ಅವರು ಹಿಂದಿರುಗಿಸಿದ್ದ ಕರಡಿನ ಪ್ರತಿಯನ್ನು ಕಪಾಟಿನಿಂದ ತೆಗೆದು ಕೊನೆಯ ಪುಟ ನೋಡಿದೆ. 'ಚಾಲಕರ ತೂಕ ಕನಿಷ್ಠ ಐವತ್ತು ಕಿಲೋ ಇರತಕ್ಕದ್ದು, ಕಡಿಮೆ ಬಿದ್ದಲ್ಲಿ ಅಷ್ಟು ಭಾರವನ್ನು ವಾಹನದಲ್ಲಿ ಇರಿಸತಕ್ಕದ್ದು.' ಠ ನನ್ನದೇ ಕೈಯದು, ಕೆಂಪಗೆ, ದುಂಡಗೆ ಕೂತಿತ್ತು. ನಾನು ಕೂತರೂ ಐವತ್ತೇ, ಅವಳು ಕೂತರೆ ಐವತ್ತೊಂದು. ಎಂಟು ಕಿಲೋ ಎಂಬುದು ಒಂದೇ ಕಿಲೋ.

ಆಗಲೇ ಗೌಡರಿಗೆ ಫೋನು ಮಾಡಬಹುದಿತ್ತು. ಮರುದಿನವೂ ಹೇಳಬಹುದಿತ್ತು. ಆದರೆ ಮರುದಿನ ಪ್ರಿನ್ಸಿಪಾಲರು ವರಾಂಡದಲ್ಲಿ ನಿಂತು ನನ್ನ ಹೆಸರು ಹಿಡಿದು ಮಾತಾಡಿಸಿದರು. ಅವರಿಗೆ ನನ್ನ ಹೆಸರು ಗೊತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಕ್ಯಾಂಟೀನಿನವನು ಕೇಳದೆಯೇ ಚಹಾ ಕೊಟ್ಟ. ಶಾಂತಾ ಕುರುಗೋಡಿಗೆ ಫೋನು ಹಚ್ಚಿ, "ನಮ್ಮನಿಯವ್ರು ಕಾರ್ ರೇಸಿನ್ಯಾಗ ಅದಾರ" ಎಂದು ತವರಿಗೆಲ್ಲ ಹೇಳಿದಳು. ಆ ದೊಡ್ಡಪ್ಪನಿಗೂ ಹೇಳಿದಳು. ಸುಮ್ಮನಾದೆ. ಮೆಕ್ಯಾನಿಕಲ್ಲಿನವರು ಇಂಜಿನ್ನಿನ ಪುಟ ಬಿಟ್ಟು ಮುಂದಿನದನ್ನು ಓದಿರಲಿಕ್ಕಿಲ್ಲ, ತೀರ್ಪುಗಾರರೂ ಓದುವುದಿಲ್ಲ ಎಂದುಕೊಂಡೆ. ಯಾರೂ ಕನ್ನಡ ಓದುವುದಿಲ್ಲ ಎಂದು ಹದಿನಾಲ್ಕು ವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ಗೋಳಾಡಿದ ನಾನೇ, ದೇವರೇ ಯಾರೂ ಕನ್ನಡ ಓದದೇ ಇರಲಿ ಎಂದು ಬೇಡಿಕೊಂಡೆ.

ಓದಿದರು. ಸ್ಪರ್ಧೆಯ ಬೆಳಿಗ್ಗೆ ನನ್ನನ್ನು ತೂಗಿದ ತೀರ್ಪುಗಾರ ಪುಸ್ತಿಕೆ ತೆಗೆದು ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದ. ಉಚ್ಚಾರಣೆಯೂ ಶುದ್ಧವಾಗಿತ್ತು, ಠ ಚೆನ್ನಾಗಿ ಕೇಳಿಸಿತು. ಗೌಡರ ಮುಖ ಕೆಂಪಾಯಿತು. ಮತ್ತೆ ರೇಣುಕಾಳನ್ನೇ ಕೂಡಿಸೋಣವೆಂದರೆ, ಚಾಲಕರ ಹೆಸರು ಬರೆಸುವುದು ಹಿಂದಿನ ದಿನಕ್ಕೇ ಮುಗಿಯಿತು, ಈಗ ಬದಲಿಸಲು ಬರುವುದಿಲ್ಲ ಎಂದ ತೀರ್ಪುಗಾರ. ಏಳು ಕಿಲೋ ಭಾರ ಹುಡುಕಬೇಕಾಯಿತು. ಅಷ್ಟರಲ್ಲಿ ಸಿರುಗುಪ್ಪದ ಬಸ್ಸಿನಿಂದ ಇಳಿದು ರೇಣುಕಾಳ ಅವ್ವ ಬಂದಳು. ಮಗಳಿಗೆ ಕಲಿಸಿದ ಸರ್‌ಗಳಿಗೆಂದು ತಮ್ಮ ಗದ್ದೆಯ ಸೋನಾ ಮಸೂರಿ ಅಕ್ಕಿಯ ಚೀಲ ಹೊತ್ತು ತಂದಿದ್ದಳು. ಗೌಡರ ಕಣ್ಣು ಚೀಲದ ಮೇಲೆ ಬಿತ್ತು. ಏಳು ಕಿಲೋ ತೂಗಿ, ಗಂಟು ಕಟ್ಟಿ, ಕಾರಿನೊಳಗೆ ಕೂತ ನನ್ನ ಮಂಡಿಯ ಕೆಳಗಿಟ್ಟರು.

"ನಮ್ಮ ಹುಡುಗಿ ಎಲ್ಲಿ ಕುಂದ್ರತಾಳ್ರೀ?" ಎಂದು ಆ ತಾಯಿ ಕೇಳಿದಳು.

"ಇವತ್ತು ಸರ್ ನಡಸ್ತಾರಮ್ಮ" ಎಂದರು ಗೌಡರು.

"ಮತ್ತ ಅಕ್ಕಿ ಯಾಕ್ರೀ?"

"ಸರ್ ಹಗರ ಅದಾರ, ಅದಕ್ಕ."

ಆಕೆ ನನ್ನನ್ನೂ ಗಂಟನ್ನೂ ನೋಡಿದಳು. "ಅಕ್ಕಿ ಇಲ್ದನ ನಮ್ಮ ಹುಡುಗಿ ಸರಿ ಇದ್ಲಲ್ರೀ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಲೆಕ್ಕ ತಿಳಿಯದೆ ಕೇಳಿದ್ದು. ರೇಣುಕಾ "ಸುಮ್ಮನಿರಬೇ" ಎಂದು ತಾಯಿಯ ಕೈ ಹಿಡಿದು ನೆರಳಿಗೆ ಕರೆದೊಯ್ದಳು.

ಓಟದ ಬಗ್ಗೆ ಹೇಳುವಂಥದ್ದೇನಿಲ್ಲ. ಮೊದಲ ತಿರುವಿನಲ್ಲೇ ಬ್ರೇಕು ಹಿಡಿದೆ. ಫ್ಲೆಕ್ಸೊಂದು ಗಾಳಿಗೆ ಪಟಪಟ ಎಂದದ್ದಕ್ಕೆ ಹಿಡಿದೆ. ನಾಯಿ ಮಲಗಿದ್ದಕ್ಕೆ ಹಿಡಿದೆ, ಅದು ಎದ್ದದ್ದಕ್ಕೆ ಇನ್ನೊಮ್ಮೆ ಹಿಡಿದೆ. ಪ್ರತಿ ಸಲ ಹಿಡಿದಾಗಲೂ ನಿಂತ ಕಾರನ್ನು ಎಬ್ಬಿಸಲು ಪೆಟ್ರೋಲು ಸುಡಬೇಕು. ಉಳಿದ ಕಾಲೇಜುಗಳ ಕಾರುಗಳು ಸದ್ದಿಲ್ಲದೆ ಉರುಳಿ ನನ್ನನ್ನು ದಾಟಿಹೋದವು. ಬಾಟಲಿ ಬರಿದಾಗಿ ನನ್ನ ಕಾರು ನಿಂತಾಗ ಅವಳ ಅವ್ವ ಕೂತಿದ್ದ ನೆರಳು ಎದುರಿಗೇ ಕಾಣುತ್ತಿತ್ತು. ಎಲ್ಲರಿಗಿಂತ ಮೊದಲು ನಿಂತವನು ನಾನು. ಗೌಡರು ಅಕ್ಕಿಯ ಗಂಟನ್ನು ನನ್ನ ಸ್ಕೂಟರಿಗೆ ಕಟ್ಟಿಸಿದರು. "ಅನ್ನ ಮಲ್ಲಿಗಿ ಆದಂಗ ಆಗೇತಿ ನೋಡ್ರಿ" ಎಂದು ಶಾಂತಾ ಆ ರಾತ್ರಿ ಎರಡು ಸಲ ಬಡಿಸಿದಳು. ಎರಡು ಸಲವೂ ಉಂಡೆ. ತಾಯಿ ಮಗಳಿಗೆ ನನ್ನಿಂದಾದದ್ದು ಅನ್ಯಾಯ. ಇದಕ್ಕೆ ಬೇರೆ ನಯವಾದ ಮಾತು ನನಗೆ ತಿಳಿದಿಲ್ಲ.

ವಾರದ ನಂತರ ರೇಣುಕಾ ನನ್ನ ಕೋಣೆಗೆ ಬಂದಳು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಸ್ಪರ್ಧೆಯ ವರದಿ ಬರೆಯಲು ಅವಳಿಗೇ ಹೇಳಿದ್ದರು. "ಸರ್, ಆ ನಿಯಮದ ಪುಸ್ತಕ ನೀವ ತಿದ್ದಿದ್ರಂತಲ್ರಿ?" ಎಂದು ಕೇಳಿದಳು. "ಅಕ್ಷರ ಅಷ್ಟೇ ತಿದ್ದಿದ್ದಮ್ಮ, ಅರ್ಥ ನೋಡಲಿಲ್ಲ" ಎಂದೆ. ಅರ್ಧ ನಿಜ. ಉಳಿದರ್ಧವನ್ನು ನಿಮಗೆ ಹೇಳಿದ್ದೇನೆ, ಅವಳಿಗೆ ಹೇಳಿಲ್ಲ. "ಹಂಗಾರ ಇದನ್ನೂ ಹಂಗ ತಿದ್ದಿ ಕೊಡ್ರಿ" ಎಂದು ಹಾಳೆಯನ್ನು ಮೇಜಿನ ಮೇಲಿಟ್ಟು ಹೋದಳು. ಚೆನ್ನಾಗಿ ಬರೆದಿದ್ದಳು, ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ. ಕೊನೆಗೆ ಹೀಗಿತ್ತು: 'ನಮ್ಮ ಕಾರಿನಲ್ಲಿ ಏಳು ಕಿಲೋ ಅಕ್ಕಿ ಮತ್ತು ನಲವತ್ತಮೂರು ಕಿಲೋ ಕನ್ನಡ ಸರ್ ಇದ್ದರು. ಕಾರು ಕನಿಷ್ಟ ದೂರ ಹೋಯಿತು.'

ಕೆಂಪು ಪೆನ್ನು ತೆಗೆದು ಟ ಹೊಡೆದು ಠ ಮಾಡಿದೆ. ತಿದ್ದಲು ಅದರಲ್ಲಿ ಬೇರೇನೂ ತಪ್ಪಿರಲಿಲ್ಲ.