ಹುಲ್ಲಿನ ಟ್ರ್ಯಾಕ್ಟರಿಗೆ ನಾನು ಲಿಥಿಯಂ ಹಾಕಿದ್ದು

ನಾನು ನೆಟ್ಟಗೆ ಒಂದು ಕೆಲಸ ಮಾಡೋಣ ಅಂತ ಕೂತರೆ ಸಾಕು, ನಾಲ್ಕು ಫಜೀತಿಗಳು ತಾವಾಗಿಯೇ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತವೆ. ಕರೆಯೋದೇ ಬೇಡ. ಈ ಪರದೇಶದ ಸ್ಟರ್ಲಿಂಗ್ ಅನ್ನೋ ಊರಿನ ಒಂದು ಡೇಟಾ ಸೆಂಟರಿನಲ್ಲಿ ಬ್ಯಾಟರಿ ರೂಮುಗಳ ಜವಾಬ್ದಾರಿ ನನ್ನದು. ಕರೆಂಟ್ ಹೋದರೂ ಸಾವಿರಾರು ಕಂಪ್ಯೂಟರ್ ಕಣ್ಣು ಮುಚ್ಚದ ಹಾಗೆ ನೋಡಿಕೊಳ್ಳೋದು ನನ್ನ ಹೊಟ್ಟೆಪಾಡು. ನನ್ನ ಗಂಡ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಡೈನಿಂಗ್ ರೂಮಿನ ಬಲ್ಬ್ ಹೋದರೆ ಲ್ಯಾಪ್‌ಟಾಪ್ ಬೆಳಕಿನಲ್ಲಿ ಊಟ ಮುಗಿಸಿ ಎದ್ದುಹೋಗುವ ಸಾಧು ಪ್ರಾಣಿ. ಈ ಎರಡು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತೆ.

ಮಾತೆಲ್ಲ ಅವನ ಹತ್ತಿರ

ನಾವು ಹತ್ತಿರದ ಆಲ್ಡಿ ಊರಿನಲ್ಲಿ ಮನೆ ತಗೊಂಡ ಮರುವರ್ಷದ ಮಾತು. ಮನೆಯ ಹಿಂದೆ ಮುಂದೆ ಎರಡೂ ಕಡೆ ಹುಲ್ಲೋ ಹುಲ್ಲು. ಊರಾಚೆಯ ಫಾರ್ಮ್ ಒಂದರಲ್ಲಿ ಒಬ್ಬ ಅಜ್ಜ ಹಳೇ ಎಲೆಕ್ಟ್ರಿಕ್ ಟ್ರ್ಯಾಕ್ಟರನ್ನು ಪುಕ್ಕಟೆ ಕೊಡುತ್ತಾನೆ ಅಂತ ಇಂಟರ್ನೆಟ್ಟಿನಲ್ಲಿ ನೋಡಿದೆ. ಕೂತು ಹುಲ್ಲು ಕೊಯ್ಯುವ ಚಿಕ್ಕ ಟ್ರ್ಯಾಕ್ಟರ್, ಎಪ್ಪತ್ತರ ದಶಕದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಹೊಟ್ಟೆಯಲ್ಲಿ ಆರು ಸೀಸದ ಬ್ಯಾಟರಿ, ಆರೂ ಸತ್ತಿದ್ದವು. ಮೋಟಾರ್ ಮಾತ್ರ ಕಲ್ಲುಗುಂಡು. ನೋಡಿದ ಕ್ಷಣವೇ ನನಗೆ ಅದರ ಮೇಲೆ ಮನಸ್ಸಾಯಿತು.

ಅಜ್ಜ ನನ್ನ ಗಂಡನ ಹೆಗಲ ಮೇಲೆ ಕೈಹಾಕಿ ವಿವರಿಸೋಕೆ ಶುರು ಮಾಡಿದ. ಮೂವತ್ತಾರು ವೋಲ್ಟು, ಮೋಟಾರಿನ ಬ್ರಷ್ಷು, ಬ್ಲೇಡಿನ ಬೆಲ್ಟು, ಎಲ್ಲಾ ಅವನಿಗೇ. ನಾನು ಟ್ರ್ಯಾಕ್ಟರ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟು ವೈರು ನೋಡ್ತಾ ಇದ್ದೆ. ನನ್ನ ಕಾಲು ಮಾತ್ರ ಹೊರಗೆ. ಅಜ್ಜನಿಗೆ ಆ ಕಾಲು ಯಾರದು, ಯಾಕೆ ಅಲ್ಲಿದೆ ಅನ್ನೋ ಅನುಮಾನವೂ ಬರಲಿಲ್ಲ. ನನ್ನ ಗಂಡ ಅರ್ಧ ಗಂಟೆ "ಯಾ, ಯಾ, ಶೂರ್" ಅಂತ ತಲೆ ಆಡಿಸಿದ.

ಕೊನೆಗೆ ಅಜ್ಜ ಕೇಳಿದ, "ಏನಾದ್ರೂ ಡೌಟ್ ಇದ್ರೆ ಈಗಲೇ ಕೇಳಪ್ಪ."

ನನ್ನ ಗಂಡ ಬಹಳ ಯೋಚನೆ ಮಾಡಿ ಕೇಳಿದ, "ಎಲ್ಲಾ ಅರ್ಥ ಆಯ್ತು. ಪೆಟ್ರೋಲ್ ಎಲ್ಲಿ ಹಾಕೋದು?"

ಅಜ್ಜ ಅವನ ಹೆಗಲ ಮೇಲಿಂದ ಕೈ ತೆಗೆದ. ಬಗ್ಗಿ, ಟ್ರ್ಯಾಕ್ಟರ್ ಕೆಳಗೆ ಇಣುಕಿ, ಬೀಗದ ಕೈಯನ್ನ ನನ್ನ ಅಂಗೈಯಲ್ಲಿಟ್ಟ.

ನೋಟಿಸ್ ಬಂತು

ಗ್ಯಾರೇಜಿನಲ್ಲಿ ಎರಡು ಕಾರು. ಹಾಗಾಗಿ ಟ್ರ್ಯಾಕ್ಟರ್ ಗ್ಯಾರೇಜಿನಿಂದ ರಸ್ತೆಗೆ ಹೋಗೋ ಡ್ರೈವ್‌ವೇ ಮೇಲೆ ನಿಂತಿತು. ವಾರ ಕಳೆಯೋದರೊಳಗೆ ನಮ್ಮ ಬಡಾವಣೆಯ ಸಂಘದಿಂದ ಕಾಗದ ಬಂತು. ಇಲ್ಲಿ ಸಂಘ ಅಂದರೆ ಸಾಮಾನ್ಯ ಅಲ್ಲ. ಬಾಗಿಲಿಗೆ ಯಾವ ಬಣ್ಣ, ಕಸದ ಡಬ್ಬಿ ಎಷ್ಟು ಹೊತ್ತು ಹೊರಗೆ, ಎಲ್ಲಾ ಅವರೇ ಹೇಳಬೇಕು. ಕಾಗದದಲ್ಲಿ ಬರೆದಿದ್ದರು: ಓಡದ ವಾಹನವನ್ನು ಮನೆ ಮುಂದೆ ಇಡುವಂತಿಲ್ಲ, ಮೂವತ್ತು ದಿನದೊಳಗೆ ಓಡಿಸಿ ತೋರಿಸಿ, ಇಲ್ಲದಿದ್ದರೆ ಎತ್ತಿಸಿಬಿಡುತ್ತೇವೆ.

"ಗುಜರಿಗೆ ಕೊಟ್ಟುಬಿಡೋಣ ಬಿಡೇ" ಅಂದ ನನ್ನ ಗಂಡ.

ನನಗೆ ಎಲ್ಲಿತ್ತೋ ಸಿಟ್ಟು. ಹನ್ನೊಂದು ವರ್ಷದಿಂದ ಬ್ಯಾಟರಿ ಕೆಲಸ ಮಾಡ್ತಿದ್ದೀನಿ, ಆದರೆ ಆಫೀಸಿನಲ್ಲಿ ನಾನು ಮಾಡೋದು ಸಹಿ. ಬೋಲ್ಟ್ ತಿರುಗಿಸೋನು ಕಂಟ್ರ್ಯಾಕ್ಟರ್. ನನ್ನ ಕೈಯಾರೆ ಒಂದು ಬ್ಯಾಟರಿ ಕಟ್ಟಿ, ಅದರಿಂದ ಒಂದು ಗಾಡಿ ಓಡಿಸಬೇಕು ಅಂತ ಕಾಲೇಜಿನಿಂದಲೂ ಆಸೆ. "ಗುಜರಿಯವನು ಬಂದರೆ ನನ್ನನ್ನೂ ಸೇರಿಸಿಯೇ ಎತ್ತಬೇಕು" ಅಂದೆ.

ಸಂಘದ ಆಫೀಸಿಗೆ ಫೋನ್ ಮಾಡಿ ವಾದ ಶುರು ಮಾಡಿದೆ. "ನೋಡಿ, ಇದು ವಾಹನವೇ ಅಲ್ಲ. ಹುಲ್ಲು ಕೊಯ್ಯೋ ಮಿಷನ್."

"ಹುಲ್ಲು ಕೊಯ್ಯುತ್ತಾ?" ಅಂದಳು ಆ ಕಡೆಯವಳು.

"ಸದ್ಯಕ್ಕಿಲ್ಲ."

"ಹಾಗಾದರೆ ಅದು ಹುಲ್ಲು ಕೊಯ್ಯೋ ಮಿಷನ್ನೂ ಅಲ್ಲ ಮೇಡಂ" ಅಂತ ಫೋನ್ ಇಟ್ಟಳು.

ಅತ್ತೆಯವರ ಕುಂಕುಮ

ಅಪಘಾತವಾದ ಎಲೆಕ್ಟ್ರಿಕ್ ಕಾರೊಂದರ ಲಿಥಿಯಂ ಬ್ಯಾಟರಿ ಮಾಡ್ಯೂಲ್‌ಗಳು ಸಿಕ್ಕವು, ಹನ್ನೆರಡು. ಟಿಫಿನ್ ಡಬ್ಬಿಯಷ್ಟು ದಪ್ಪ, ಪುಸ್ತಕದಷ್ಟು ಅಗಲ. ನನಗೆ ಬೇಕಾಗಿದ್ದು ಹತ್ತು. ಒಂದೊಂದನ್ನೂ ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಇಳಿಸಿ, ಯಾವುದು ಎಷ್ಟು ಹಿಡಿಯುತ್ತೆ ಅಂತ ಅಳೆಯಬೇಕು. ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಜೋಡಿಸಿಕೊಂಡು ಐದು ದಿನ ಅದೇ ಕೆಲಸ. ನಾವೆಲ್ಲ ಸೋಫಾ ಮೇಲೆ ಕೂತು ಊಟ.

ಆಗ ಅತ್ತೆ ಮಾವ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆ ಇದ್ದರು. ಅತ್ತೆ ಮಹಾ ಸಾತ್ವಿಕರು. ಟೆಸ್ಟ್ ಮುಗಿದಾಗ ಎರಡು ಮಾಡ್ಯೂಲ್ ದುರ್ಬಲ ಅಂತ ಗೊತ್ತಾಯಿತು. ಗುರುತು ಹಾಕೋಕೆ ಪೆನ್ನು ಕೈಗೆ ಸಿಗಲಿಲ್ಲ. ದೇವರ ಗೂಡಿನಿಂದ ಕುಂಕುಮ ತಂದು ಆ ಎರಡಕ್ಕೆ ಒಂದೊಂದು ಬೊಟ್ಟು ಇಟ್ಟು ಆಫೀಸಿಗೆ ಓಡಿದೆ.

ಸಾಯಂಕಾಲ ಬಂದು ನೋಡ್ತೀನಿ, ಹನ್ನೆರಡಕ್ಕೂ ಕುಂಕುಮ! ಮೇಲೆ ಒಂದೊಂದು ಚೆಂಡು ಹೂವು ಬೇರೆ.

"ಅತ್ತೆ, ಇದೇನು ಮಾಡಿದ್ರಿ!" ಅಂತ ಕಿರುಚಿಯೇಬಿಟ್ಟೆ. "ಕುಂಕುಮ ಇಟ್ಟಿದ್ದು ಕೆಟ್ಟಿರೋದಕ್ಕೆ!"

ಅತ್ತೆ ನನಗಿಂತ ಹೆಚ್ಚು ದಂಗಾದರು. "ಅಯ್ಯ ಶಿವನ! ಕೆಟ್ಟದ್ದಕ್ಕ ಕುಂಕುಮ ಹಚ್ಚತಾರೇನವಾ ಯಾರರ? ಅವಸರದಾಗ ಎರಡಕ್ಕ ಅಷ್ಟ ಹಚ್ಚಿ ಹೋಗ್ಯಾಳ, ಉಳಿದ ಹತ್ತು ಏನ್ ಪಾಪ ಮಾಡ್ಯಾವು ಅಂತ ನಾನ ಹಚ್ಚೀನಿ."

ತಪ್ಪು ನನ್ನದೇ. ಇನ್ನೂ ಐದು ದಿನ ಕೂತು ಹನ್ನೆರಡನ್ನೂ ಮತ್ತೆ ಅಳೆದೆ. ಮೂವತ್ತರಲ್ಲಿ ಹತ್ತು ದಿನ ಡೈನಿಂಗ್ ಟೇಬಲ್ಲಿನ ಮೇಲೇ ಕರಗಿಹೋಯಿತು. ಈ ಸಲ ಕೆಟ್ಟ ಎರಡನ್ನೂ ತೆಗೆದು ಅಟ್ಟದ ಮೇಲಿಟ್ಟೆ. ಅತ್ತೆ ಅವಕ್ಕೂ ದಿನಾ ಹೂವು ಏರಿಸೋಕೆ ಏಣಿ ಕೇಳಿದರು.

ಉಪವಾಸದ ಬ್ಯಾಟರಿ

ಹತ್ತು ಮಾಡ್ಯೂಲನ್ನೂ ಜೋಡಿಸಿ, ತಾಮ್ರದ ಪಟ್ಟಿ ಬಿಗಿದು, ಪ್ರತಿ ಸೆಲ್ಲನ್ನೂ ಕಾಯುವ ಸರ್ಕ್ಯೂಟ್ ಹಾಕಿ, ಪೆಟ್ಟಿಗೆ ಮುಚ್ಚಿ ಟ್ರ್ಯಾಕ್ಟರಿನೊಳಗೆ ಕೂರಿಸಿದೆ. ನನಗೆ ಹೆಮ್ಮೆಯೋ ಹೆಮ್ಮೆ. ಮಾವನಿಗೆ ಮಾತ್ರ ಒಂದೇ ಚಿಂತೆ.

"ನೀರ್ ಹಾಕಿಯೇನವಾ?"

ಮಾವ ನಿವೃತ್ತ ಹೆಡ್‌ಮಾಸ್ಟರ್. ಹುಬ್ಬಳ್ಳಿ ಮನೆಯ ಇನ್ವರ್ಟರ್ ಬ್ಯಾಟರಿಗೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕೋದನ್ನ ಇಪ್ಪತ್ತು ವರ್ಷ ಒಂದು ಸಲವೂ ತಪ್ಪಿಸಿದವರಲ್ಲ. ಲಿಥಿಯಂಗೆ ನೀರು ಬೇಡ, ಬಿದ್ದರೆ ಅನಾಹುತ ಅಂತ ನಾಲ್ಕು ದಿನ ಹೇಳಿದೆ. ಐದನೇ ದಿನ ಬೆಳಿಗ್ಗೆ ಹೊರಗೆ ಬಂದರೆ ಮಾವ ಒಂದು ಕೈಯಲ್ಲಿ ಗ್ಯಾಲನ್ ಕ್ಯಾನು, ಇನ್ನೊಂದರಲ್ಲಿ ಅಡುಗೆ ಮನೆಯ ಫನಲ್ ಹಿಡಿದು ಟ್ರ್ಯಾಕ್ಟರಿಗೆ ಪ್ರದಕ್ಷಿಣೆ ಹಾಕ್ತಾ ಇದ್ದಾರೆ. ಓಡಿಹೋಗಿ ಕ್ಯಾನ್ ಕಿತ್ತುಕೊಂಡೆ.

"ಇದರ ಬಾಯಿ ಎಲ್ಲೈತಿ?" ಅಂದರು ಮಾವ ಶಾಂತವಾಗಿ.

"ಇದಕ್ಕೆ ಬಾಯಿಯೇ ಇಲ್ಲ ಮಾವ."

"ಆಸಿಡ್?"

"ಇಲ್ಲ."

"ವಾಸನಿ?"

"ಅದೂ ಇಲ್ಲ."

"ಮತ್ತ ಒಳಗ ಬ್ಯಾಟರಿ ಐತಿ ಅಂತ ಗೊತ್ತಾಗೂದು ಹೆಂಗ?"

ಮಾವನನ್ನೇ ಸೀಟಿನ ಮೇಲೆ ಹತ್ತಿಸಿ, ಮನೆ ಸುತ್ತ ಒಂದು ರೌಂಡ್ ಹೊಡೆಸಿದೆ. ಮೊದಲ ಓಟ ಅದು, ನನ್ನ ಕಣ್ಣಲ್ಲಿ ನೀರೇ ಬಂತು. ಮಾವ ಮೀಸೆಯಲ್ಲೇ ನಗ್ತಾ ಇದ್ದರು. ಆ ದಿನವೇ ಹುಬ್ಬಳ್ಳಿಯ ಗೆಳೆಯರಿಗೆ ಫೋನಿನಲ್ಲಿ ಹೇಳೋದು ಕೇಳಿಸಿತು: "ನಮ್ಮ ಸೊಸಿ ಒಂದ ಬ್ಯಾಟರಿ ಕಟ್ಯಾಳ ನೋಡಪಾ. ನೀರ್ ಸುದ್ದಾ ಮುಟ್ಟೂದಿಲ್ಲ. ನಿರ್ಜಲ ಉಪವಾಸ ಇದ್ದು ದುಡೀತೈತಿ."

ಸೋನಾ ಮಸೂರಿ

ಗೆದ್ದೆ ಅಂದುಕೊಂಡೆ. ಎಲ್ಲಿ ಬಂತು! ಹಿತ್ತಲಿನ ಏರಿನಲ್ಲಿ ಹತ್ತಿಸಿದ ಕೂಡಲೇ ಟ್ರ್ಯಾಕ್ಟರ್ ಮುಂದಿನ ಎರಡು ಚಕ್ರ ಎತ್ತಿ ಆಕಾಶ ನೋಡಿತು. ನಾನು ಸ್ಟೀರಿಂಗ್ ಹಿಡಿದು ಜೋತುಬಿದ್ದೆ.

ಆಮೇಲೆ ತಲೆಗೆ ಹೊಳೆಯಿತು. ಹಳೇ ಸೀಸದ ಬ್ಯಾಟರಿಗಳು ಒಬ್ಬೊಬ್ಬ ಕುಸ್ತಿಪಟುವಿನಷ್ಟು ಭಾರ. ಅವು ಬರೀ ಕರೆಂಟ್ ಕೊಡ್ತಿರಲಿಲ್ಲ, ಮೂತಿಯನ್ನ ನೆಲಕ್ಕೆ ಒತ್ತಿ ಹಿಡೀತಿದ್ದವು. ನನ್ನ ಲಿಥಿಯಂ ಹೂವಿನ ಹಾಗೆ ಹಗುರ. ಇಷ್ಟು ಲೆಕ್ಕ ಹಾಕಿದವಳು ಭಾರದ ಲೆಕ್ಕವನ್ನೇ ಬಿಟ್ಟಿದ್ದೆ. ಸಂಘದವರ ಇನ್ಸ್‌ಪೆಕ್ಷನ್‌ಗೆ ಮೂರೇ ದಿನ. ಮುಂದೆ ತೂಕ ಬೇಕು, ಈಗಲೇ ಬೇಕು. ಮನೆಯಲ್ಲಿ ತೂಕದ್ದು ಅಂದರೆ ಏನಿದೆ? ಕನ್ನಡಿಗರ ಮನೆಯಲ್ಲಿ ಅದನ್ನ ಕೇಳಬೇಕೆ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಅಕ್ಕಿ ಚೀಲ, ಆರು. ಹಗ್ಗ ಹಾಕಿ ಬಾನೆಟ್ ಮೇಲೆ ಬಿಗಿದೆ.

ಅಬ್ಬಾ, ಏನು ಓಡಿತು ಅಂತೀರಿ! ಏರು ಹತ್ತಿತು, ಇಳಿಯಿತು, ಬ್ಲೇಡು ಹುಲ್ಲನ್ನ ನುಣ್ಣಗೆ ಕೊಯ್ಯಿತು. ಅರ್ಧ ಗಂಟೆ ನಾನು ಹಿಂದೆ ತಿರುಗಿ ನೋಡಲೇ ಇಲ್ಲ. ನೋಡಿದಾಗ ನನ್ನ ಹಿಂದೆ ಇಪ್ಪತ್ತು ಮೂವತ್ತು ಕಾಡು ಬಾತುಗಳು, ಪಕ್ಕದ ಕೊಳದವು, ಸಾಲಾಗಿ ದಿಬ್ಬಣ ಬರ್ತಾ ಇದ್ದವು. ಅದುರಾಟಕ್ಕೆ ಒಂದು ಚೀಲದ ಹೊಲಿಗೆ ಬಿಚ್ಚಿ, ನಾನು ಹೋದಲ್ಲೆಲ್ಲ ಗೆರೆ ಎಳೆದ ಹಾಗೆ ಅಕ್ಕಿ ಸುರಿದಿತ್ತು.

ನನ್ನ ಗಂಡ ಹಿತ್ತಲಿನ ಮರದ ಜಗಲಿ ಮೇಲೆ ನಿಂತು ಕೂಗಿದ, "ಏನೇ, ಇದು ಕೊಯ್ಲಾ, ಬಿತ್ತನೆಯಾ?"

ಅತ್ತೆ ಅವನನ್ನ ಗದರಿದರು. "ಸುಮ್ನಿರೋ. ಊಟಾ ಮಾಡೋರಿಗೆ ಎಣಸಬಾರದು. ಏ ಅವಾ, ಆ ಕಡಿಂದ ಇನ್ನೆರಡು ಬಂದಾವು, ಗಾಡಿ ಅತ್ಲಾಗ ಹೊಡಿ!"

ಮರುದಿನ ಮರಳಿನ ಚೀಲ ತಂದೆ.

ಇನ್ಸ್‌ಪೆಕ್ಷನ್

ಮೂವತ್ತನೇ ದಿನ ಬೆಳಿಗ್ಗೆ ಸಂಘದ ಇನ್ಸ್‌ಪೆಕ್ಟರ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕ್ಲಿಪ್‌ಬೋರ್ಡು. ಎರಡೇ ನಿಮಿಷದ ಕೆಲಸ ಅಂತ ಕಾರನ್ನ ನಮ್ಮ ಡ್ರೈವ್‌ವೇಗೆ ಅಡ್ಡಲಾಗಿ ರಸ್ತೆಯಲ್ಲೇ ನಿಲ್ಲಿಸಿ, ದೀಪ ಮಿಣುಕಿಸುತ್ತಾ ಬಿಟ್ಟು ಇಳಿದರು.

"ಸ್ಟಾರ್ಟ್ ಮಾಡಿ" ಅಂದರು.

ಕೀ ತಿರುಗಿಸಿದೆ. ಅವರು ಪೆನ್ನು ಹಿಡಿದು ನಿಂತರು. ನಾನೂ ಕೂತೆ. ಅವರು ನನ್ನನ್ನ ನೋಡಿದರು, ನಾನು ಅವರನ್ನ ನೋಡಿದೆ.

"ಮಾಡಿ ಮೇಡಂ, ಕಾಯ್ತಾ ಇದೀನಿ."

"ಆಗಿದೆ ಸಾರ್."

"ಸದ್ದೇ ಇಲ್ಲ?"

"ಇರಲ್ಲ ಸಾರ್" ಅಂತ ಪೆಡಲ್ ಒತ್ತಿದೆ. ಅವರು ಹೌಹಾರಿ ಹೂವಿನ ಗಿಡದೊಳಗೆ ಹಾರಿದರು. ಮುಂದಿನ ಹುಲ್ಲು, ಹಿತ್ತಲು, ಏರು, ಯಾವುದನ್ನೂ ಬಿಡಲಿಲ್ಲ. ಅವರು ಹಿಂದೆ ಹಿಂದೆಯೇ ನಡೆದು ಬಂದು ಎಲ್ಲಾ ನೋಡಿ, ಕಾಗದದ ಮೇಲೆ "ಓಡುತ್ತದೆ" ಅಂತ ಬರೆದು ಸಹಿ ಹಾಕಿದರು. ನನಗೆ ಅಲ್ಲೇ ಕುಣಿಯೋಣ ಅನ್ನಿಸಿತು. ಆಮೇಲೆ ಅವರು ನನ್ನ ಗಂಡನ ಕೈ ಕುಲುಕಿ "ಅದ್ಭುತವಾದ ಕೆಲಸ ಸಾರ್" ಅಂದರು.

ನನ್ನ ಗಂಡ ಕೈ ಬಿಡಿಸಿಕೊಂಡ. "ನಾನಲ್ಲ. ಇವಳು. ಒಂದೊಂದು ಬೋಲ್ಟೂ ಇವಳೇ." ಹನ್ನೆರಡು ವರ್ಷದ ಸಂಸಾರದಲ್ಲಿ ನನಗೆ ಅವನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅವತ್ತೇ.

ಅಷ್ಟಕ್ಕೆ ಅವರನ್ನ ಕಳಿಸಬಹುದಿತ್ತು. ಆದರೆ ಮನೆಗೆ ಬಂದವರನ್ನ ಹಾಗೇ ಕಳಿಸೋದುಂಟೆ? ಅತ್ತೆ ಒಳಗೆ ಕೂರಿಸಿ ಗಿರಮಿಟ್ಟು ಹಾಕಿದರು. ಬೇಡ ಅಂದಷ್ಟೂ ಹಾಕಿದರು. ಮೆಣಸಿನಕಾಯಿ ಬಜ್ಜಿ ಬಂತು. ಅವರು ಕಣ್ಣೀರು ಒರೆಸಿಕೊಳ್ತಾ ಇನ್ನೆರಡು ತಿಂದರು. ಚಹಾ ಆಯಿತು. ಮಾವ ಹುಬ್ಬಳ್ಳಿಯ ಇತಿಹಾಸ ಹೇಳಿದರು. ಎರಡು ನಿಮಿಷದ ಕೆಲಸ ಎರಡು ಗಂಟೆಯಾಯಿತು.

ಹೊರಗೆ ಬಂದು ಕಾರಿನ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಎರಡು ಗಂಟೆ ದೀಪ ಮಿಣುಕಿ ಮಿಣುಕಿ ಬ್ಯಾಟರಿ ಕೈಯೆತ್ತಿತ್ತು. ಕರೆಂಟ್ ಕೊಡೋಣ ಅಂದರೆ ನಮ್ಮ ಎರಡೂ ಕಾರು ಗ್ಯಾರೇಜಿನಲ್ಲಿ, ಅಡ್ಡ ನಿಂತಿರೋದು ಅವರದೇ ಕಾರು, ಅದರ ಬಾನೆಟ್‌ವರೆಗೆ ನಮ್ಮ ಕೇಬಲ್ ಮುಟ್ಟಲ್ಲ. ಟ್ರ್ಯಾಕ್ಟರಿನ ಮೂವತ್ತಾರು ವೋಲ್ಟನ್ನ ಹನ್ನೆರಡು ವೋಲ್ಟಿನ ಕಾರಿಗೆ ಕೊಟ್ಟರೆ ಕಾರು ಕೈಲಾಸ ಸೇರುತ್ತೆ. ಉಳಿದಿದ್ದು ಒಂದೇ ದಾರಿ. ಟ್ರ್ಯಾಕ್ಟರನ್ನ ಹುಲ್ಲಿನ ಮೇಲಿಂದ ರಸ್ತೆಗೆ ತಂದು ಅವರ ಕಾರಿನ ಮುಂದೆ ನಿಲ್ಲಿಸಿ ಹಗ್ಗ ಕಟ್ಟಿದೆ. ಅವರು ನ್ಯೂಟ್ರಲ್‌ಗೆ ಹಾಕಿ ಸ್ಟೀರಿಂಗ್ ಹಿಡಿದರು.

ಪೆಡಲ್ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಟ್ರ್ಯಾಕ್ಟರು, ಎಪ್ಪತ್ತರ ದಶಕದ ಮುದುಕ, ಅಷ್ಟು ದೊಡ್ಡ ಕಾರನ್ನ ಸದ್ದಿಲ್ಲದೆ ಎಳೆದುಕೊಂಡು ಹೊರಟಿತು. ಮಾವ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ನಡೆದರು. ಅತ್ತೆ ಬಾಗಿಲಲ್ಲಿ ನಿಂತು ದೃಷ್ಟಿ ತೆಗೆದರು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ಫೋನ್ ಎತ್ತಿ ಹಿಡಿದಿದ್ದರು.

ನಾಯಿ ಹಿಡಿದು ಬರುತ್ತಿದ್ದ ಬೀದಿಯ ಹೆಂಗಸೊಬ್ಬಳು ಬೆರಗಾಗಿ ನಿಂತು, "ಏನಾಯ್ತು ಇನ್ಸ್‌ಪೆಕ್ಟರ್, ಕಾರ್ ಕೆಟ್ಟುಹೋಯ್ತಾ?" ಅಂತ ಕೇಳಿದಳು.

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಕ್ಲಿಪ್‌ಬೋರ್ಡ್ ಎತ್ತಿ ತೋರಿಸಿ, ಗತ್ತಿನಿಂದ ಹೇಳಿದರು: "ಇಲ್ಲ ಮೇಡಂ. ಇನ್ನೂ ಇನ್ಸ್‌ಪೆಕ್ಷನ್ ನಡೀತಾ ಇದೆ. ಎಷ್ಟು ಭಾರ ಎಳೆಯುತ್ತೆ ಅಂತ ನಾನೇ ಖುದ್ದಾಗಿ ಕೂತು ಚೆಕ್ ಮಾಡ್ತಾ ಇದೀನಿ."