ಮೂರೂವರೆ ಕ್ವಿಂಟಾಲಿನ ಗೆಲುವು

ಹೊಸಪೇಟೆಯಲ್ಲಿ ಅದಿರು ಲಾರಿ ಇಟ್ಟವರು ನೂರಾರು ಮಂದಿ ಇರಬಹುದು. ಆದರೆ ಸ್ಪೋರ್ಟ್ಸ್ ಕಾರು ಇಟ್ಟ ಗಂಡಸು ನಮ್ಮ ಓಣಿಗೆಲ್ಲ ಒಬ್ಬನೇ. ಅದು ನಾನು, ಹಾಲೇಶ! ಅದೂ ಒಂದು ಸಲವಲ್ಲ, ಎರಡು ಸಲ!

ಮೊದಲನೆಯದನ್ನು ಎಂಟು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ತಂದಿದ್ದೆ. ಅದರ ಅಳತೆಗೇ ಮನೆ ಪಕ್ಕ ಕಲ್ಲುಕಂಬದ ಶೆಡ್ಡು ಕಟ್ಟಿಸಿದ್ದೆ. ಅದನ್ನು ಮಾರಿ ಈಗ ತಂದದ್ದು ಎರಡು ಸಾವಿರದ ಏಳರ ಹೊಚ್ಚಹೊಸ ಮಾಡೆಲ್. ಅದೇ ಕಂಪನಿ, ಅದೇ ಹೆಸರು. ಆದರೆ ಮದುವೆಯಾಗಿ ಎಂಟು ವರ್ಷ ಕಳೆದ ಅಳಿಯನ ಹಾಗೆ ಸುತ್ತಲೂ ತುಂಬಿಕೊಂಡಿತ್ತು.

"ರೀ, ಶೆಡ್ಡಿನಾಗ ಹಿಡಿಯಂಗಿಲ್ಲ ಇದು. ಒಂದೀಟು ಅಳದು ನೋಡ್ರಿ," ಎಂದಳು ಹೆಂಡತಿ ಶಾಂಭವಿ.

"ಅಳೆಯೋದೇನು? ತೂಕಾನ ಮಾಡಿಸೀನಿ!" ಎಂದೆ. ಸುಳ್ಳಲ್ಲ. ಸಂಡೂರಿನ ಯಾರ್ಡಿನಲ್ಲಿ ಟಿಪ್ಪರ್‌ಗಳ ಸಾಲಿನಲ್ಲೇ ನಿಂತು ವೇಬ್ರಿಡ್ಜ್ ಹತ್ತಿಸಿ, ಚೀಟಿ ಹರಿಸಿಕೊಂಡು ಬಂದಿದ್ದೆ. "ಹಳೇದಕ್ಕಿಂತ ಮೂರೂವರೆ ಕ್ವಿಂಟಾಲ್ ಜಾಸ್ತಿ! ಗಾಡಿ ಅಂದ್ರ ಹಿಂಗಿರಬೇಕು!"

"ತೂಕ ಕಟಗೊಂಡು ಏನ್ಮಾಡ್ತೀರಿ? ಅಗಲಾ ಹೇಳ್ರಿ."

ಅವಳ ಕಣ್ಣು ಶೆಡ್ಡಿನ ಮೇಲಿತ್ತು. ಪಕ್ಕದ ಮನೆಯ ಹುಸೇನಮ್ಮನ ಜೊತೆ ಸೇರಿ ತೋರಣಗಲ್ಲಿನ ಮೆಸ್ಸಿಗೆ ಜೋಳದ ರೊಟ್ಟಿ ಬಡಿದು ಕಳಿಸುವ ಆಸೆ. ವರ್ಷದಿಂದ ಒಲೆಗೆ ಜಾಗ ಕೇಳುತ್ತಲೇ ಇದ್ದಳು. ನಾನು ಎದೆ ಉಬ್ಬಿಸಿದೆ.

"ಪಂಥ! ಕಾರು ಒಳಗ ಹೋದ್ರ ರೊಟ್ಟಿ ಮಾತು ಎತ್ತಬಾರದು. ಹೋಗದಿದ್ರ ಶೆಡ್ಡು ನಿಂದು!"

"ಆತ್ರಿ. ಹುಸೇನಮ್ಮ, ನೀನ ಸಾಕ್ಷಿ!"

ಹಂಪಿಯಲ್ಲಿ ಪೂಜೆ ಮಾಡಿಸಿ ತಂದೆ. ಓಣಿಗೆ ಓಣಿಯೇ ನೆರೆದಿತ್ತು. ಆರತಿ ಆಯಿತು. ನಿಂಬೆಹಣ್ಣು ಚಪ್ಪಟೆಯಾದವು. ಎರಡೂ ಕನ್ನಡಿ ಮಡಚಿ, ಉಸಿರು ಬಿಗಿಹಿಡಿದು, ಇಂಚಿಂಚಾಗಿ ನುಗ್ಗಿಸಿದೆ. ಹಿಂದಿನ ಚಕ್ರ ದಾಟಿದ್ದೇ ತಡ, ಶೆಡ್ಡಿನ ಬಾಗಿಲಲ್ಲಿ ಚರಂಡಿಗೆ ಹಾಸಿದ್ದ ಕಲ್ಲು ಫಟ್ಟೆಂದು ಎರಡು ಹೋಳಾಯಿತು. ಆಗಲಿ ಬಿಡಿ! ಕಾರು ಒಳಗಿತ್ತು!

"ಗೆದ್ದೆ!" ಎಂದು ಕೂಗಿ ಕಾರಿನ ಬಾಗಿಲು ತೆಗೆದೆ. ನಾಲ್ಕು ಬೆರಳಿನಷ್ಟು ತೆರೆದು ಕಂಬಕ್ಕೆ ಬಡಿಯಿತು. ಆ ಕಡೆಯದೂ ಅಷ್ಟೇ. ಹಿಂದಕ್ಕೆ ತರೋಣವೆಂದರೆ ಚರಂಡಿ ಬಾಯಿ ತೆರೆದು ಕೂತಿದೆ!

"ಕಾರು ಹೋತು, ಖರೇ. ಸಾಹುಕಾರ್ರು ಹೊರಗ ಬಂದ್ರ ಗೆದ್ದಂಗ," ಎಂದು ಹುಸೇನಮ್ಮ ತೀರ್ಪು ಕೊಟ್ಟಳು.

ಅಷ್ಟಕ್ಕೆಲ್ಲ ಹೆದರುವವನೇ ನಾನು? ಕಾರಿನ ಛಾವಣಿಯಲ್ಲಿ ಗಾಜಿನ ಕಿಂಡಿ ಇದೆಯಲ್ಲ! ಗುಂಡಿ ಒತ್ತಿದೆ, ಸರಿಯಿತು. ತಲೆ ಬಂತು, ತೋಳು ಬಂದವು. ಜನ ಚಪ್ಪಾಳೆ ತಟ್ಟಿದರು. ಮೆರವಣಿಗೆಯ ಪುಢಾರಿಯಂತೆ ಕೈ ಬೀಸಿದೆ. ಆದರೆ ಹೊಟ್ಟೆ ಬರಲಿಲ್ಲ! ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ!

"ಎಂಟು ವರ್ಷದಾಗ ಕಾರೊಂದ ಬೆಳದೈತಿ ಅನ್ಕೊಂಡಿದ್ರೇನು?" ಎಂದಳು ಶಾಂಭವಿ.

"ಲೇ, ಶೆಡ್ಡು ನಿಂದ! ಮೊದ್ಲು ನನ್ನ ತೆಗಿ!"

ನಮ್ಮ ಟಿಪ್ಪರ್ ಡ್ರೈವರ್ ಯಲ್ಲೇಶ ಬಂದು, ಹಿಂದಿನಿಂದ ಡಿಕ್ಕಿಯ ಮೇಲೆ ಹತ್ತಿ, ನನ್ನ ಹೆಗಲ ಮೇಲೆ ಕೈಯಿಟ್ಟು ಕೆಳಕ್ಕೆ ಅದುಮಿದ. ದೊಪ್ಪೆಂದು ಸೀಟಿಗೆ ಬಿದ್ದೆ. ಆಮೇಲೆ ಚರಂಡಿಗೆ ಹಲಗೆ ಹಾಸಿ, ಟಿಪ್ಪರಿಗೆ ಹಗ್ಗ ಬಿಗಿದು, ಕಾರನ್ನೂ ನನ್ನನ್ನೂ ಒಟ್ಟಿಗೆ ಎಳೆದು ಹಾಕಿದ.

ಈಗ ಶೆಡ್ಡಿನಲ್ಲಿ ಎರಡು ಒಲೆ ಉರಿಯುತ್ತವೆ. ಕಾರು ಬೀದಿಯಲ್ಲಿ ಅದಿರಿನ ಕೆಂಪು ಧೂಳು ಹೊದ್ದು ನಿಂತಿದೆ. ದಿನಾ ಮುಂಜಾನೆ ಅದರ ಡಿಕ್ಕಿಯಲ್ಲಿ ರೊಟ್ಟಿ ಬುಟ್ಟಿಗಳನ್ನಿಟ್ಟುಕೊಂಡು ತೋರಣಗಲ್ಲಿಗೆ ಹೋಗುವ ಡ್ರೈವರ್ ನಾನೇ. ಆದರೂ ಮೀಸೆ ಕೆಳಗಿಳಿಸಲಿಲ್ಲ.

"ನೋಡಿದ್ಯಾ? ಆರು ಬುಟ್ಟಿ ಹೆಂಗ ಕುಂತಾವ! ಹಳೇ ಕಾರಿನಾಗ ಹಿಡೀತಿದ್ವೇನು?"

"ನಂಗೊತ್ತಿತ್ತು ಬಿಡ್ರಿ," ಎಂದಳು ಶಾಂಭವಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಕಾರು ಬಂದ ದಿನಾನ, ನೀವು ಜಳಕಕ್ಕ ಹೋದಾಗ, ಬ್ಲೌಸಿನ ಟೇಪ್ ಹಿಡಕೊಂಡು ಡಿಕ್ಕಿ ಅಳದಿದ್ದೆ. ಹಂಗ ಶೆಡ್ಡೂ ಅಳದಿದ್ದೆ, ಕಾರಿನ ಬಾಗಿಲಾನೂ ಮ್ಯಾಲಿನ ಕಿಂಡೀನೂ ಅಳದಿದ್ದೆ. ನಿಮ್ಮ ಹೊಟ್ಟಿ ಅಳತಿ ಹೆಂಗೂ ಟೇಲರ್ ಬರಕೊಂಡಿದ್ನಲ್ರಿ!"