ಕೆಂಪು ಬಾಳೆಗೆ ಕೊಸರಿಲ್ಲ

ನಗಬೇಕೆಂದರೆ ಜನ ದುಡ್ಡು ಕೊಟ್ಟು ಸಿನೆಮಾಕ್ಕೆ ಹೋಗುತ್ತಾರೆ. ನಾನು ಹೊಲಿಗೆ ಮಷೀನಿನ ಮುಂದೆ ಕೂತರೆ ಸಾಕು, ಓಣಿಯೇ ಬಂದು ಎದುರಿಗೆ ನಿಲ್ಲುತ್ತದೆ. ಪಕ್ಕದ ಮಾಲ್ ದೊಡ್ಡದಾಗಲು ಶುರುವಾದ ಮೇಲಂತೂ ದಿನಕ್ಕೊಂದು ಆಟ.

ಕಲಬುರಗಿಯ ಸೇಡಂ ರಸ್ತೆಯಿಂದ ಸ್ವಲ್ಪ ಒಳಗೆ ಬಂದರೆ ನಮ್ಮ ಓಣಿ. ಓಣಿಗೂ ರಸ್ತೆಗೂ ನಡುವೆ ಒಂದು ಖಾಲಿ ಜಾಗವಿತ್ತು. ಅದರೊಳಗಿನ ಕಾಲುದಾರಿಯೇ ನಮಗೆ ಬಾಗಿಲು. ಶಾಲೆಗೆ, ದವಾಖಾನೆಗೆ, ಆಟೋ ಹಿಡಿಯಲಿಕ್ಕೆ, ಎಲ್ಲದಕ್ಕೂ ಅದೇ. ಮಾಲಿನವರು ಆ ಜಾಗ ಕೊಂಡರು. ಹೊಸ ಕಟ್ಟಡ ಬರುತ್ತದೆ, ಹಿಂದೆ ಉದ್ದಕ್ಕೂ ಗೋಡೆ ಏಳುತ್ತದೆ, ಇನ್ನು ಮೇಲೆ ನೀವು ಆ ಕಡೆಯಿಂದ ಸುತ್ತಿ ಬನ್ನಿ ಎಂದರು. ಕಾಗದದ ಪ್ರಕಾರ ಜಾಗ ಅವರದೇ. ಜಗಳಕ್ಕೆ ನಮ್ಮ ಹತ್ತಿರ ಬಾಯಿ ಇತ್ತು, ಹಕ್ಕು ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಕಷ್ಟ ಬಂದದ್ದು ಆಯಿಗೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ, ಈಕೆ ಇಡೀ ಓಣಿಗೆ ಆಯಿ. ಕಮಲಾಪುರದವಳು. ಓಣಿಯ ಕೊನೆಯಲ್ಲಿರುವ ಮಗಳ ಮನೆಯಲ್ಲಿ ಇರುತ್ತಾಳೆ. ಊರಿನಿಂದ ಮುಂಜಾನೆಯ ಬಸ್ಸಿಗೆ ಬರುವ ಕೆಂಪು ಬಾಳೆಹಣ್ಣನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಆ ಕಾಲುದಾರಿ ರಸ್ತೆಗೆ ಕೂಡುವಲ್ಲಿ ಕೂತು ಮಾರುತ್ತಾಳೆ. ದಾರಿ ಮುಚ್ಚಿದರೆ ಆ ಹೊರೆ ಹೊತ್ತು ಅಷ್ಟು ದೂರ ಸುತ್ತುವುದು ಆಕೆಯ ಮೊಣಕಾಲಿಗೆ ಆಗದ ಮಾತು. ವ್ಯಾಪಾರವೇ ಬಂದ್. ಇದು ನೆನಪಾದಾಗಲೆಲ್ಲ ನನ್ನ ಹೊಲಿಗೆ ಸೊಟ್ಟಗಾಗುತ್ತಿತ್ತು. ಆದರೂ ನಗು ಬಂದರೆ ತಡೆಯುವುದು ಹೇಗೆ?

ನಾಲ್ಕು ಗಾಲಿಯ ಗಾಡಿ

ಕೆಲಸ ಶುರುವಾದದ್ದೇ ತಡ, ಓಣಿಗೆಲ್ಲ ಧೂಳು. ಒಣಹಾಕಿದ ಹಪ್ಪಳ, ತೊಳೆದ ಸೀರೆ, ಎಲ್ಲಾ ಒಂದೇ ಬಣ್ಣ. ಓಣಿಯ ಹೆಂಗಸರೆಲ್ಲ ಸೇರಿ ಮಾಲಿನ ಮ್ಯಾನೇಜರ ಬಾಗಿಲಿಗೆ ಹೋದೆವು. ಮ್ಯಾನೇಜರು ಬೇರೆ ಊರಿನವರು, ಒಳ್ಳೆಯ ಮನುಷ್ಯ. ಶಾಲೆಯ ಪುಸ್ತಕದಂಥ ಕನ್ನಡ ಮಾತಾಡುತ್ತಿದ್ದರು. "ತಮಗಾದ ತೊಂದರೆಗಾಗಿ ವಿಷಾದಿಸುತ್ತೇವೆ" ಎಂದು ಹೇಳಿ, ಮನೆಗೊಂದು ಪಾಸ್ ಕೊಟ್ಟು ಕಳಿಸಿದರು. ಮಾಲಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಲು ಪುಕ್ಕಟೆ ಪಾಸ್.

ನಮ್ಮ ಓಣಿಯಲ್ಲಿ ಕಾರು ಇರುವವರು ಯಾರೂ ಇಲ್ಲ. ನಾವು ಆ ಪಾಸನ್ನು ಡಬ್ಬಿಯ ಮುಚ್ಚಳದ ಕೆಳಗೆ ಹಾಕಿ ಮರೆತೆವು. ಮರೆಯದವರು ಒಬ್ಬರೇ, ಓಣಿಯ ಮೂಲೆಯಲ್ಲಿ ತಳ್ಳುಬಂಡಿಯ ಮೇಲೆ ಚಹಾ ಮಾಡುವ ಚಾಚಾ. ಮರುದಿನ ಸುಡುಬಿಸಿಲಿನ ಮಧ್ಯಾಹ್ನ ಬಂಡಿಯನ್ನು ತಳ್ಳಿಕೊಂಡು ಸೀದಾ ಮಾಲಿನ ನೆಲಮಾಳಿಗೆಗೆ ಇಳಿದರು. ಗಾರ್ಡ್ ಅಡ್ಡ ಬಂದ.

"ಚಾಚಾ, ಇದು ಗಾಡಿ ನಿಲ್ಸೋ ಜಾಗಾ ಅದ."

"ಮತ್ತ ಇದೇನು ಕುದುರಿ ಏನು? ನಾಕ್ ಗಾಲಿ ಅದಾವ, ಪಾಸ್ ಅದ. ಔರ್ ಕ್ಯಾ ಹೋನಾ?"

ಗಾರ್ಡ್ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಂಡಿಗೆ ಬಿಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಚಾಚಾ ಎರಡು ದೊಡ್ಡ ಕಾರುಗಳ ನಡುವೆ ಬಿಳಿ ಗೆರೆಯೊಳಗೆ ನೀಟಾಗಿ ಬಂಡಿ ನಿಲ್ಲಿಸಿ ಒಲೆ ಹಚ್ಚಿದರು. ತಂಪು ಜಾಗ, ಕಾರಿನಲ್ಲಿ ಕಾಯುತ್ತ ಕೂತ ಡ್ರೈವರುಗಳು, ಕೇಳಬೇಕೆ! ಸಂಜೆಗೆ ಓಡೋಡಿ ಬಂದ ಮ್ಯಾನೇಜರು ಬೈಯಲೆಂದು ಬಾಯಿ ತೆರೆದವರು ಶುಂಠಿಯ ವಾಸನೆಗೆ ಒಂದು ಕಪ್ ಕುಡಿದು ಹೋದರು.

ಮಾರನೆಯ ದಿನ ಅಲ್ಲಿ ಹೊಸ ಬೋರ್ಡ್ ಬಿತ್ತು: "ಇಂಧನದಿಂದ ಚಲಿಸುವ ವಾಹನಗಳಿಗೆ ಮಾತ್ರ." ಚಾಚಾ ಬೋರ್ಡಿನ ಕೆಳಗೇ ನಿಂತು, ಬಂಡಿಯ ಅಡಿಯಲ್ಲಿದ್ದ ಸಿಲಿಂಡರ್ ತೋರಿಸಿದರು.

"ನಮ್ದು ಗ್ಯಾಸಿನ ಗಾಡಿ, ಸಾಬ್."

ತೋಳಿನ ಸಂಗತಿ

ಹೊಸ ಕಟ್ಟಡ ಏಳುತ್ತಿರುವಾಗಲೇ ಹಳೆಯ ಮಾಲಿನಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿ ತೆರೆಯಿತು. ರೆಡಿಮೇಡ್ ಬ್ಲೌಸ್ ರಾಶಿ ರಾಶಿ. ಅವತ್ತು ನನಗೆ ಊಟ ಸೇರಲಿಲ್ಲ. ಓಣಿಯ ಬ್ಲೌಸು ಹೊಲಿದೇ ಮಕ್ಕಳನ್ನು ಓದಿಸಿದವಳು ನಾನು. ಇನ್ನು ಈ ಮಷೀನಿನ ಮೇಲೆ ಹೂವಿನ ಕುಂಡ ಇಡಬೇಕು ಎಂದುಕೊಂಡೆ.

ಎದುರು ಮನೆಯಾಕೆ ಸೆರಗಿನೊಳಗೆ ಮಾಲಿನ ಚೀಲ ಮುಚ್ಚಿಕೊಂಡು, ನನ್ನ ಅಂಗಡಿಯ ಮುಂದೆ ಬಂದಾಗ ಆಕಾಶ ನೋಡುತ್ತ ದಾಟಿದಳು. ಆಕಾಶದಲ್ಲಿ ಏನೂ ಇರಲಿಲ್ಲ. ನಾನೂ ನೋಡಿದೆ.

ವಾರ ಕಳೆಯುವುದರೊಳಗೆ ಅದೇ ಚೀಲ ಹಿಡಿದು ನನ್ನ ಅಂಗಡಿಗೇ ಬಂದಳು. "ಅಕ್ಕಾ, ತೋಳು ಹೊಗಲಾಕ ಒಲ್ದು, ಜರಾ ಬಿಚ್ಚಿ ಕೊಡು."

ಬ್ಲೌಸ್ ನೋಡಿದೆ, ಆಕೆಯ ತೋಳು ನೋಡಿದೆ. ಅವಿಭಕ್ತ ಕುಟುಂಬಕ್ಕೆ ಎರಡು ಹೊತ್ತು ಜೋಳದ ರೊಟ್ಟಿ ಬಡಿಯುವ ತೋಳು. ಈ ಬ್ಲೌಸಿನ ಅಳತೆ ಬರೆದವನು ಜನ್ಮದಲ್ಲಿ ರೊಟ್ಟಿ ಬಡಿಯುವವರನ್ನು ನೋಡಿರಲಿಕ್ಕಿಲ್ಲ. ಆಕೆಯ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಎಲ್ಲರದೂ ತೋಳಿನದೇ ದೂರು. ಹೊಸ ಬ್ಲೌಸು ಹೊಲಿಯುವ ಕಾಲದಲ್ಲೂ ನನಗೆ ಅಷ್ಟು ಕೆಲಸ ಇರಲಿಲ್ಲ. ಕೊನೆಗೆ ಆ ಬಟ್ಟೆ ಅಂಗಡಿಯ ಹುಡುಗಿಯೇ ತನ್ನ ಜೋಲು ಯೂನಿಫಾರ್ಮು ಹಿಡಿದು ಬಂದಳು.

ನಾನು ಎದುರು ಮನೆಯಾಕೆಯನ್ನು ಸುಮ್ಮನೆ ಬಿಡುವವಳಲ್ಲ. "ಅಲ್ಲೇ ತೊಟ್ಟು ನೋಡಲಾಕ ಖೋಲಿ ಇರ್ತದಲ್ಲ, ಅಲ್ಲಿ ಗೊತ್ತಾಗ್ಲಿಲ್ಲೇನು?" ಅಂದೆ.

ಆಕೆ ಮುಖ ಚೂರೂ ಬಾಡಿಸದೆ ಹೇಳಿದಳು: "ಅಲ್ಲಿ ಎ.ಸಿ. ಹಚ್ಚಿದ್ರಕ್ಕ. ಥಂಡಿಗಿ ತೋಳು ಸಣ್ಣಾಗಿತ್ತು."

ಸೆರಗು ಒಡ್ಡಿದ ಆಯಿ

ಆಯಿಗೆ ಮಾಲಿನ ಒಳಗೆ ಏನಿದೆ ಎಂದು ನೋಡುವ ಆಸೆ. "ನನ್ನ ದಾರಿ ನುಂಗೋದು ಹ್ಯಾಂಗದ ಅಂತ ನೋಡ್ಬೇಕು" ಅಂದಳು. ಕರೆದುಕೊಂಡು ಹೋದೆ. ತರಕಾರಿ ಕಡೆ ಹೋಗಿ ಬದನೆಕಾಯಿ ಆರಿಸಿದಳು. ತಕ್ಕಡಿಯ ಹುಡುಗಿ ತೂಗಿ, ಚೀಟಿ ಅಂಟಿಸಿ ಕೊಟ್ಟಳು. ಆಯಿ ಚೀಲ ತೆಗೆದುಕೊಂಡಳು, ಆದರೆ ಜಾಗ ಬಿಟ್ಟು ಅಲುಗಲಿಲ್ಲ. ಸೆರಗು ಒಡ್ಡಿ ನಿಂತಳು.

ಹುಡುಗಿ ನಮ್ಮ ಕಡೆಯವಳೇ, ಅರ್ಥವಾಯಿತು. ತೂಗಿ ಕೊಟ್ಟ ಮೇಲೆ ವ್ಯಾಪಾರಿ ತನ್ನ ಖುಷಿಯಿಂದ ಒಂದೆರಡು ಮೆಣಸಿನಕಾಯಿ, ನಾಲ್ಕು ಎಳೆ ಕೊತ್ತಂಬರಿ ಮೇಲಿಂದ ಹಾಕುವ ಕೊಸರು ಅವಳಿಗೇನು ಗೊತ್ತಿಲ್ಲದ್ದಲ್ಲ. ಮೆಲ್ಲಗೆ ಹೇಳಿದಳು: "ಆಯಿ, ಇಲ್ಲಿ ಕೊಸರು ಕೊಡಂಗಿಲ್ರಿ."

"ಯವ್ವಾ! ಕೊಸರಿಲ್ದ ವ್ಯಾಪಾರೇನು ವ್ಯಾಪಾರ? ಕರದು ಊಟಕ್ಕ ಹಾಕಿ ಕೈ ತೊಳಿಲಾಕ ನೀರು ಕೊಡಲಾರ್ದಂಗ ಆತು."

ಮ್ಯಾನೇಜರು ಬಂದರು. "ಅಮ್ಮಾ, ಯಂತ್ರ ತೂಕ ಮಾಡಿ ಚೀಟಿ ಕೊಟ್ಟ ನಂತರ ಏನನ್ನೂ ಸೇರಿಸಲಾಗದು."

"ಯಂತ್ರಕ್ಕ ಯಾರು ಕೇಳ್ಯಾರಪ್ಪ? ನಿನಗ ಕೇಳ್ಲಾಕತ್ತೀನಿ."

ಹಿಂದೆ ಸಾಲು ಬೆಳೆಯಿತು. ಸಾಲಿನವರು ಬೈಯುತ್ತಾರೆ ಎಂದುಕೊಂಡೆ. ಇಲ್ಲ, ಅವರಿಗೂ ಕೊಸರು ನೆನಪಾಯಿತು! ಟೊಮೆಟೊ ಕೊಂಡವನು ಚೀಲದ ಬಾಯಿ ತೆರೆದು ನಿಂತ. ಸೊಪ್ಪು ಕೊಂಡವಳು ಸೆರಗು ಒಡ್ಡಿದಳು. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಾ ಒಂದೊಂದು ಹಸಿ ಮೆಣಸಿನಕಾಯಿ ಹಂಚಿದರು. ಎಲ್ಲಾ ಮುಗಿಯಿತು ಎನ್ನುವಾಗ ಮೇಲಿನ ಮಹಡಿಯಿಂದ ಒಬ್ಬ ಏದುಸಿರು ಬಿಡುತ್ತ ಇಳಿದು ಬಂದ. ಆತ ಫ್ರಿಜ್ ಕೊಂಡಿದ್ದ.

ಈ ಸುದ್ದಿ ಕೇಳಿ ಚಾಚಾ ಆಯಿಯನ್ನು ಛೇಡಿಸಿದರು. "ಆಯಿ, ಮಂದಿಗಿ ಕೊಸರು ಕೇಳ್ತಿ. ನೀ ಯಾವತ್ತರ ಒಂದು ಹಣ್ಣು ಕೊಸರು ಕೊಟ್ಟೀಯೇನು?"

"ನಂದು ಕಮಲಾಪುರದ ಕೆಂಪು ಬಾಳಿಹಣ್ಣು. ಬಂಗಾರದಂಗಡಿಗಿ ಹೋಗಿ ಕೊಸರು ಕೇಳ್ತೀಯೇನೋ?" ಅಂದಳು ಆಯಿ.

ಮ್ಯಾನೇಜರ ಕಮಲಾಪುರ ಯಾತ್ರೆ

ಆಮೇಲೆ ಮ್ಯಾನೇಜರಿಗೆ ಒಂದು ಯೋಚನೆ ಹೊಳೆಯಿತು. ಕೆಂಪು ಬಾಳೆ ಈ ಭಾಗದ ಹೆಮ್ಮೆ, ಅದನ್ನು ಸೀದಾ ತೋಟದಿಂದಲೇ ತಂದು ಮಾಲಿನಲ್ಲಿ ಇಟ್ಟರೆ ಹೇಗೆ? ಕಾರು ಹತ್ತಿ ಕಮಲಾಪುರಕ್ಕೆ ಹೋದರು. ಅಲ್ಲಿ ನಡೆದದ್ದನ್ನು ಅವರ ಡ್ರೈವರ್ ಚಾಚಾನ ಬಂಡಿಯ ಹತ್ತಿರ ನಿಂತು ನಮಗೆಲ್ಲ ಹೇಳಿದ.

ಮೊದಲನೆಯ ತೋಟದವ ಅಂದನಂತೆ: "ಕಲಬುರಗಿದಾಗ ನಮ್ಮತ್ತಿ ಮಾರ್ತಾಳ್ರಿ. ಆಕಿಗಿ ಒಂದು ಮಾತು ಕೇಳ್ರಿ." ಎರಡನೆಯ ತೋಟಕ್ಕೆ ಹೋದರೆ ಅವನಿಗೆ ಆಕೆ ದೊಡ್ಡವ್ವ. ಮೂರನೆಯವನಿಗೆ ಸೋದರತ್ತೆಯ ಬೀಗಿತಿ. ಆಕೆ ನಮ್ಮ ಆಯಿಯೇ ಎಂದು ಕೇಳದೆಯೇ ಮ್ಯಾನೇಜರಿಗೆ ತಿಳಿಯಿತು. ಹಣ್ಣು ಯಾರೂ ಕೊಡಲಿಲ್ಲ. ಹಾಗಂತ ಖಾಲಿ ಹೊಟ್ಟೆಯಲ್ಲಿ ಕಳಿಸುವ ಊರೇ ಅದು? ಪ್ರತಿ ತೋಟದಲ್ಲೂ ಕೂರಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಬೇಡ ಎಂದರೆ ಕೇಳುವವರಿಲ್ಲ.

ಸಂಜೆ ಕಾರು ಬಂದು ನಮ್ಮ ಓಣಿಯ ಹತ್ತಿರ ನಿಂತಿತು. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ಇಳಿದರು. ಇನ್ನೊಂದು ಕೈಯಲ್ಲಿ ಒಂದು ದೊಡ್ಡ ಗಂಟು. ಆಯಿಯ ಮುಂದೆ ಇಟ್ಟು ತಲೆ ತಗ್ಗಿಸಿ ಹೇಳಿದರು:

"ಹೇಗೂ ಕಲಬುರಗಿಗೆ ಹೊರಟಿದ್ದೀರಲ್ಲ, ನಮ್ಮ ಅತ್ತೆಗೆ ಇದಿಷ್ಟು ಮುಟ್ಟಿಸಿ ಎಂದರು."

ಬುಟ್ಟಿ ಹಾಯುವಷ್ಟು ಜಾಗ

ಇಷ್ಟೆಲ್ಲ ನಕ್ಕರೂ ಗೋಡೆ ಮಾತ್ರ ಏಳುತ್ತಲೇ ಇತ್ತು. ಕಡೆಗೆ ಕಾಲುದಾರಿಯ ಮೇಲೆ ಒಂದು ಸಂದಿಯಷ್ಟೇ ಉಳಿಯಿತು. ಹೊಸ ಕಟ್ಟಡದ ಪೂಜೆಯ ದಿನ ಮುಂಜಾನೆ ಆಯಿ ಬುಟ್ಟಿಯನ್ನು ರಸ್ತೆಗೆ ಒಯ್ಯಲಿಲ್ಲ, ಆ ಸಂದಿಯಲ್ಲೇ ಇಟ್ಟುಕೊಂಡು ಕೂತಳು. "ಇವತ್ತೇ ಕಡೀದು. ಇಲ್ಲೇ ಕುಂದುರ್ತೀನಿ" ಅಂದಳು.  ಚಾಚಾ "ಫಿಕರ್ ನಕ್ಕೋ ಆಯಿ" ಎಂದು ಧೈರ್ಯ ಹೇಳಿ ಚಹಾ ಕೊಟ್ಟರು, ಸಕ್ಕರೆ ಹಾಕುವುದನ್ನು ಮರೆತಿದ್ದರು.

ಅತ್ತ ಪೂಜೆಯಲ್ಲಿ ಗಲಾಟೆ. ಮಾಲಿನಿಂದ ತಂದಿಟ್ಟ ಹಣ್ಣುಗಳಿಗೆಲ್ಲ ಪ್ಲಾಸ್ಟಿಕ್ಕು ಸುತ್ತಿ ದರದ ಚೀಟಿ ಹಚ್ಚಿತ್ತು. ಪೂಜೆಯ ಅಯ್ಯನವರು ರೇಗಿದರು: "ದೇವ್ರೇನು ರೇಟ್ ಓದ್ಕೊಂಡು ಉಣ್ತಾನೇನು? ಛಲೋ ಹಣ್ಣು ತರ್ರಿ!"

ಮಾಲಿನ ಸಾವ್ಕಾರರೇ ಎದ್ದು ಹಿಂದಿನ ಸಂದಿಗೆ ಬಂದರು. ಅವರ ಮನೆತನದ್ದು ಊರಿನ ಹಳೆಯ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಮುತ್ಯಾನ, ಅಂದರೆ ಅಜ್ಜನ, ಕಾಲದಿಂದ ಕಿರಾಣಿ ವ್ಯಾಪಾರ. ಬುಟ್ಟಿಯ ಹಣ್ಣನ್ನೆಲ್ಲ ಕೊಂಡರು. ದುಡ್ಡು ಕೊಟ್ಟ ಮೇಲೆ ರೂಢಿಯಂತೆ ಕೈ ಮುಂದೆ ಬಂತು.

"ಆಯಿ, ಕೊಸರು?"

"ಕೆಂಪು ಬಾಳಿಗಿ ಕೊಸರಿಲ್ರಿ."

"ಇಷ್ಟೆಲ್ಲಾ ತಗೊಂಡೀನಲ್ಲ!"

ಆಯಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದಳು. "ನೀವೂ ಇಷ್ಟೆಲ್ಲಾ ತಗೊಂಡೀರಿ ಸಾವ್ಕಾರ್ರೆ. ನಮ್ಮ ಓಣಿಗಿ ಏನು ಕೊಸರು ಕೊಟ್ರಿ?"

 ಸಾವ್ಕಾರರು ಮೊದಲು ಗೋಡೆ ನೋಡಿದರು, ಆಮೇಲೆ ತಮ್ಮ ಚಾಚಿದ ಕೈ ನೋಡಿದರು. "ನಮ್ಮ ಮುತ್ಯಾ ಕೊಸರಿಲ್ದ ಯಾರಿಗೂ ಹೊಳ್ಳಿ ಕಳಿಸ್ದಾಂವ ಅಲ್ಲ. ಏನ್ ಬೇಕು ಹೇಳಾಯಿ."

"ಬುಟ್ಟಿ ಹೊತ್ಕೊಂಡು ಹಾಯೋವಷ್ಟು ಜಾಗಾ."

ಮ್ಯಾನೇಜರು ನಕ್ಷೆ, ಭದ್ರತೆ ಎಂದೇನೋ ಶುರು ಮಾಡಿದರು. ಸಾವ್ಕಾರರು ಕೇಳಿಸಿಕೊಳ್ಳದೆ ಗೋಡೆ ಕಟ್ಟುವ ಗೌಂಡಿಯನ್ನು ಕರೆದು ಆಯಿಯ ಅಳತೆ ತೆಗೆದುಕೋ ಎಂದರು. ಆಯಿ ಖಾಲಿ ಬುಟ್ಟಿ ಹೊತ್ತು ನಿಂತಾಳೆಯೇ? ಸಾವ್ಕಾರರು ಕೊಂಡ ಹಣ್ಣನ್ನೇ ಮತ್ತೆ ಬುಟ್ಟಿಗೆ ತುಂಬಿಸಿ, ಗೋಪುರದ ಹಾಗೆ ಪೇರಿಸಿ, ತಲೆಯ ಮೇಲಿಟ್ಟುಕೊಂಡಳು. ಎರಡೂ ಕೈ ಸೊಂಟಕ್ಕಿಟ್ಟು ಮೊಣಕೈ ಅಗಲಿಸಿದಳು. ಸಾಲದ್ದಕ್ಕೆ ತುದಿಗಾಲಿನಲ್ಲಿ ನಿಂತಳು. ಮೊಣಕಾಲಿನ ನೋವು ಅವತ್ತು ಎಲ್ಲಿಗೆ ಹೋಗಿತ್ತೋ! ಗೌಂಡಿ ಗುರುತು ಹಾಕಿದ ಮೇಲೆ ನೋಡಿದರೆ, ಚಾಚಾನ ಬಂಡಿಯೂ ಆರಾಮಾಗಿ ಹಾಯುವ ಬಾಗಿಲು.

ಕೀಲಿಕೈ

ಕಬ್ಬಿಣದ ಬಾಗಿಲು ಕೂತಿತು. ಸಾವ್ಕಾರರು ನೋಡಲು ಬಂದರು. "ಈಗರ ನನ್ನ ಕೊಸರು ಕೊಡಾಯಿ" ಎಂದು ನಗುತ್ತ ಕೈ ಒಡ್ಡಿದರು.

"ಬಾಗಿಲಾ ಕೊಟ್ರಿ. ಕೀಲಿಕೈ ಯಾರ ಬಲ್ಲಿ ಅದ?"

ಸಾವ್ಕಾರರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ನಿಟ್ಟುಸಿರು ಬಿಟ್ಟು ಕೀಲಿಕೈ ಕೊಟ್ಟರು. ಆಯಿ ಅದನ್ನು ಎಲೆಅಡಿಕೆಯ ಸಂಚಿಯೊಳಗೆ ಹಾಕಿಕೊಂಡು, ಬುಟ್ಟಿಯಿಂದ ಒಂದು ಕೆಂಪು ಬಾಳೆಹಣ್ಣು ಆರಿಸಿ ಸಾವ್ಕಾರರ ಕೈಯಲ್ಲಿಟ್ಟಳು. ಆಯಿ ಕೊಸರು ಕೊಟ್ಟದ್ದನ್ನು ಓಣಿಯವರು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಅಂದಿನಿಂದ ಮುಂಜಾನೆ ಆಯಿ ಬಾಗಿಲು ತೆಗೆಯಬೇಕು, ರಾತ್ರಿ ಆಯಿಯೇ ಹಾಕಬೇಕು. ಮಾಲಿನ ಕೆಲಸದವರಿಗೂ ಅದೇ ಹತ್ತಿರದ ದಾರಿಯಾಯಿತು. ಹಾಲಿನ ಗಾಡಿ, ತರಕಾರಿಯ ಗಾಡಿ ಖಾಲಿಯಾಗುವುದೂ ಅದೇ ಬಾಗಿಲಲ್ಲಿ.

ಒಂದು ದಿನ ಬೆಳಗಾದರೂ ಬಾಗಿಲು ತೆರೆಯಲಿಲ್ಲ. ಈ ಕಡೆ ನಾವು, ಆ ಕಡೆ ಮಾಲಿನವರು, ನಡುವೆ ಕೀಲಿ ಹಾಕಿದ ಬಾಗಿಲು. ಆಯಿಯ ಮಗಳನ್ನು ಕೇಳಿದರೆ, "ಅವ್ವ ಊರಾಗ ಮದುವಿ ಅದ ಅಂತ ಮೊದಲನೇ ಬಸ್ಸಿಗೇ ಹೋದಳ್ರಿ. ಸಂಚಿ ಬಿಟ್ಟು ಆಕಿ ಎಲ್ಲಿಗೂ ಹೋಗಂಗಿಲ್ಲ" ಅಂದಳು. ಬೇರೆ ಕೀಲಿಕೈ? ಅದನ್ನೂ ಆಯಿ ಅವತ್ತೇ ಇಸಿದುಕೊಂಡಿದ್ದಳು. ಮ್ಯಾನೇಜರು ಗೋಡೆಯಾಚೆಯಿಂದ "ಈಗಲೇ ತರುತ್ತೇನೆ" ಎಂದು ಕೂಗಿ ಕಮಲಾಪುರಕ್ಕೆ ಕಾರು ಓಡಿಸಿದರು.

ಮಧ್ಯಾಹ್ನ ದಾಟಿದ ಮೇಲೆ ಕಾರು ಬಂತು. ಸುತ್ತು ಹಾಕಿ ನಮ್ಮ ಕಡೆಗೇ ಬಂದು ನಿಂತಿತು. ಮ್ಯಾನೇಜರ ಹಣೆಗೆ ಕುಂಕುಮ, ತಲೆಯ ಮೇಲೆ ಅಕ್ಷತೆ, ಬಾಯಲ್ಲಿ ಎಲೆಅಡಿಕೆ. ಡಿಕ್ಕಿ ತೆಗೆದು ಒಂದೊಂದೇ ಗಂಟು ಇಳಿಸಿದರು. "ಇದು ಆಯಿಯ ಮಗಳಿಗೆ. ಇದು ಹೊಲಿಗೆಯ ಅಕ್ಕನಿಗೆ. ಚಾಚಾ, ಈ ಹೋಳಿಗೆ ನಿಮಗೆ." ಎಲ್ಲರಿಗೂ ಮುಟ್ಟಿತು. ಕೈ ಝಾಡಿಸಿಕೊಂಡು, ಒಂದು ದೊಡ್ಡ ಕೆಲಸ ಮುಗಿಸಿದವರಂತೆ ನಮ್ಮನ್ನೆಲ್ಲ ನೋಡಿ ನಕ್ಕರು. ನಾವೂ ನಕ್ಕೆವು.

"ಬಹುತ್ ಅಚ್ಛಾ ಆತು ಸಾಬ್," ಅಂದರು ಚಾಚಾ. "ಕೀಲಿಕೈ?"

ಮ್ಯಾನೇಜರ ನಗು ಅಲ್ಲೇ ನಿಂತಿತು. ಜೇಬು ಮುಟ್ಟಿಕೊಂಡರು, ಕಾರಿನೊಳಗೆ ಬಗ್ಗಿ ನೋಡಿದರು, ನಮ್ಮ ಗಂಟುಗಳನ್ನೂ ಒಮ್ಮೆ ನೋಡಿದರು. ಆಮೇಲೆ ಕಾರು ಹತ್ತಿ ಮತ್ತೆ ಕಮಲಾಪುರದ ಕಡೆ ತಿರುಗಿಸಿದರು. ಚಾಚಾ ಕೈಯಲ್ಲಿ ಹೋಳಿಗೆ ಹಿಡಿದೇ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿದರು.

"ಸಾಬ್! ಈ ಸಲ ಉಣ್ಣಬ್ಯಾಡ್ರಿ!"